ಮಕ್ಕಳ ಕಣ್ಣು-ಕಿವಿಗಳಿಗೆ ಪ್ರಸಾದ

(ಶ್ರೀಮಠದ ಮಹೋತ್ಸವದ ನಿಮಿತ್ತ ಮಲ್ಲಸಮುದ್ರದಲ್ಲಿ ಕೂಡಿದ ಶಿವಾನುಭವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಕ್ಕಳನ್ನೂ ಅವರ ಕಣ್ಣುಕಿವಿಗಳನ್ನು ಸೆಳೆಯುತ್ತಿರುವ ಪ್ರಸಾರಸಾಧನಗಳನ್ನೂ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಮಠದಿಂದ ಅಪ್ಪಣೆಯಾಗಿರುವದು. ಪುಸ್ತಕ, ಮಾಸಪತ್ರಿಕೆ, ಆಕಾಶವಾಣಿ, ಚಲಚ್ಚಿತ್ರ, ದೂರದರ್ಶನ, ಈಗ ಅಂಗೈಯಲ್ಲಿ ಅಡಗುವ ಮೊಬೈಲು, ಇವೆಲ್ಲವೂ ಈ ವಿಷಯದೊಳಗೆ ಅಡಕವಾಗಿರುತ್ತವೆ. ಪಾಠಶಾಲೆಯಲ್ಲಿ ಕುಳಿತು ವ್ಯಾಕರಣವನ್ನೂ ಷಟ್‌ಸ್ಥಲಶಾಸ್ತ್ರವನ್ನೂ ಓದಿದವನಿಗೆ ಯಂತ್ರಗಳ ಮಾತು ಯಾತಕ್ಕೆಂದು ಕೆಲವರಿಗೆ ತೋರಬಹುದು. ಆದರೆ ದರ್ಶನಕ್ಕೆಂದು ಮಠಕ್ಕೆ ಬರುವ ತಾಯಂದಿರು ಇತ್ತೀಚೆಗೆ ಕೇಳುವ ಪ್ರಶ್ನೆಯು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಸ್ವಾಮ್ಯಾರ, ಮೊಬೈಲ್ ಕೈಯಾಗ ಕೊಡಲಿಲ್ಲಂದ್ರ ಹುಡುಗ ತುತ್ತು ಬಾಯಾಗ ಇಟ್ಕೊಳ್ಳೂದಿಲ್ರಿ, ಏನ್ ಮಾಡೂದ್ರಿ?" ಈ ಪ್ರಶ್ನೆಯು ತುತ್ತಿನ ಸಂಬಂಧವಾದದ್ದು. ತುತ್ತಿನ ವಿಷಯದಲ್ಲಿ ನಮ್ಮ ಶಾಸ್ತ್ರವು ಹೇಳಿದಷ್ಟು ಸೂಕ್ಷ್ಮವಾದ ಮಾತನ್ನು ಬೇರೆ ಕಡೆಯಲ್ಲಿ ಹುಡುಕಬೇಕಾಗಿಲ್ಲ.

ಶರಣರ ಮತದಲ್ಲಿ ಆಹಾರವೆಂದರೆ ನಾಲಿಗೆಯಿಂದ ಉಣ್ಣತಕ್ಕದ್ದು ಮಾತ್ರವಲ್ಲ. ನಾಸಿಕವು ಗಂಧವನ್ನೂ, ಜಿಹ್ವೆಯು ರಸವನ್ನೂ, ನೇತ್ರವು ರೂಪವನ್ನೂ, ತ್ವಕ್ಕು ಸ್ಪರ್ಶವನ್ನೂ, ಶ್ರೋತ್ರವು ಶಬ್ದವನ್ನೂ ಹಗಲಿರುಳು ಉಣ್ಣುತ್ತಲೇ ಇರುತ್ತವೆ. ಆದಕಾರಣ ಹಿರಿಯರು ನೇತ್ರದಲ್ಲಿ ಶಿವಲಿಂಗವನ್ನೂ ಶ್ರೋತ್ರದಲ್ಲಿ ಪ್ರಸಾದಲಿಂಗವನ್ನೂ ನೆಲೆಗೊಳಿಸಿ, ಕಂಡ ರೂಪವನ್ನೂ ಕೇಳಿದ ಶಬ್ದವನ್ನೂ ಆಯಾ ಲಿಂಗಕ್ಕೆ ಅರ್ಪಿಸಿಯೇ ಸ್ವೀಕರಿಸಬೇಕೆಂದು ವಿಧಿಸಿದರು. ಹೀಗೆ ಅರ್ಪಿಸಿ ಕೊಳ್ಳುವ ಪ್ರಸಾದಿಯ ಭಕ್ತಿಗೆ ಅವಧಾನಭಕ್ತಿಯೆಂದು ಹೆಸರು. ಅವಧಾನವೆಂದರೆ ಎಚ್ಚರ. ಇದು ಯೋಗ್ಯವೋ ಅಯೋಗ್ಯವೋ, ಇಷ್ಟು ಸಾಕೋ ಇನ್ನೂ ಬೇಕೋ ಎಂದು ಒಳಗಿನವನು ಕೇಳುವ ಕೇಳಿಕೆ. ಹಿರಿಯರಾದ ನಮಗೇ ಈ ಎಚ್ಚರವು ದುರ್ಲಭವು. ಮೂರು ವರ್ಷದ ಕೂಸಿಗೆ ಅದು ಎಲ್ಲಿಂದ ಬಂದೀತು? ತಾಯಿಯು ತುತ್ತನ್ನು ಕೂಸಿನ ಬಾಯಿಗೆ ಇಡುವ ಮೊದಲು ತನ್ನ ಬೆರಳಿನಿಂದ ಅದರ ಬಿಸಿಯನ್ನು ನೋಡುತ್ತಾಳೆ. ಆ ಬೆರಳೇ ಕೂಸಿನ ಅವಧಾನವು. ಕಣ್ಣಿನ ತುತ್ತಿಗೂ ಕಿವಿಯ ತುತ್ತಿಗೂ ಅಂಥ ಬೆರಳು ಬೇಕೇ ಬೇಕು. ನಾನು ಇಂದು ಹೇಳಬೇಕಾದದ್ದು ಇಷ್ಟೇ: ಸಾಧನವು ಯಾವದೇ ಇರಲಿ, ಮಗುವಿನ ಬದಿಯಲ್ಲಿ ಕುಳಿತು ಬಿಸಿಯನ್ನು ನೋಡುವ ಹಿರಿಯರು ಇದ್ದರೆ ಅದು ಪ್ರಸಾದವಾಗುವದು, ಇಲ್ಲದಿದ್ದರೆ ಒಳ್ಳೆಯದೂ ಅಜೀರ್ಣವಾಗುವದು.

ನಮ್ಮ ನಾಡಿನ ಪೂರ್ವಸ್ಥಿತಿಯನ್ನು ಸ್ವಲ್ಪ ನೋಡೋಣ. ಅಚ್ಚಿನ ಪುಸ್ತಕವು ಹಳ್ಳಿಗೆ ಬರುವ ಮೊದಲು ಮಕ್ಕಳಿಗೆ ಕಥೆಯು ಕಿವಿಯ ದಾರಿಯಿಂದಲೇ ದೊರೆಯುತ್ತಿತ್ತು. ಶ್ರಾವಣಮಾಸದಲ್ಲಿ ಮಠದ ಅಂಗಳದೊಳಗೆ ಪುರಾಣವು ಹತ್ತುತ್ತಿತ್ತು. ಕುಮಾರವ್ಯಾಸನು ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತವನ್ನು ಬರೆದನೆಂಬ ಪ್ರತೀತಿಯುಂಟು. ಆ ಕಾವ್ಯವನ್ನು ಓದಬಲ್ಲವನೊಬ್ಬನಿದ್ದರೆ ಓಣಿಯೆಲ್ಲವೂ ಕೇಳುತ್ತಿತ್ತು. ಸುಗ್ಗಿಯ ತರುವಾಯ ದೊಡ್ಡಾಟಗಳಾಗುತ್ತಿದ್ದವು. ಹುಡುಗನು ಅಜ್ಜನ ಕಂಬಳಿಯ ಅಂಚಿನಲ್ಲಿ ಕುಳಿತು ಕೇಳುತ್ತಿದ್ದನು, ತಿಳಿಯದಿದ್ದಲ್ಲಿ ಕೇಳುತ್ತಿದ್ದನು, ಅಂಜಿಕೆಯಾದಲ್ಲಿ ಅಜ್ಜನ ಮೈಗೆ ಆತುಕೊಳ್ಳುತ್ತಿದ್ದನು. ಆ ಆಟಗಳಲ್ಲಿ ಎಲ್ಲವೂ ಸದ್ವಿಷಯವೇ ಇದ್ದಿತೆಂದು ನಾನು ಹೇಳಲಾರೆನು. ಹಾಸ್ಯವು ಮಿತಿಮೀರಿದಾಗ ಹಿರಿಯರು ಕೆಮ್ಮಿ ಸೂಚಿಸುತ್ತಿದ್ದರು. ಆ ಕೆಮ್ಮಿನಿಂದ ಹುಡುಗನಿಗೆ ತಿಳಿಯಬೇಕಾದದ್ದು ತಿಳಿಯುತ್ತಿತ್ತು.

ನಾಟಕವು ಮಕ್ಕಳನ್ನು ಕೆಡಿಸುವದೆಂದು ಹಿಂದಿನವರಲ್ಲಿಯೂ ಅನೇಕರು ಬೈದಿರುವರು. ಆದರೆ ಅದೇ ನಾಟಕವು ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದಲ್ಲಿ ಏನಾಯಿತೆಂಬದನ್ನು ನೋಡಿರಿ. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಕೃಪೆಗೆ ಪಾತ್ರರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಸ್ವತಃ ಅಂಧರಾಗಿದ್ದು, ಅಂಧ ಅನಾಥ ಬಾಲಕರನ್ನು ಕೂಡಿಸಿಕೊಂಡು ಸಂಗೀತವನ್ನು ಕಲಿಸಿದರು. ಆ ಮಕ್ಕಳ ಅನ್ನಕ್ಕಾಗಿ ನಾಟಕಸಂಘವನ್ನೇ ಕಟ್ಟಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅದನ್ನು ಮುಂದುವರಿಸಿ, ತಾವೇ ನಾಟಕಗಳನ್ನು ರಚಿಸಿ, ತಾವೇ ರಂಗದ ಮೇಲೆ ನಿಂತರು. ಜನರು ಹಗುರಾಗಿ ಕಂಡ ಸಾಧನವು ಗುರುವಿನ ಕೈಯಲ್ಲಿ ದಾಸೋಹವಾಯಿತು. ಕಣ್ಣಿಲ್ಲದ ಮಕ್ಕಳು ಕಿವಿಯೊಂದರಿಂದಲೇ ವಿದ್ವಾಂಸರಾದರು; ಯಾತಕ್ಕೆಂದರೆ ಆ ಕಿವಿಯ ಬದಿಯಲ್ಲಿ ಗುರುವು ಕುಳಿತಿದ್ದನು.

ಮುದ್ರಣವು ಬಂದ ಮೇಲಿನ ಸಂಗತಿಯೂ ಹೀಗೆಯೇ ಇರುವದು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರಗೆ ತಂದರು. ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಗದಗಿನ ಪಿ. ಸಿ. ಶಾಬಾದಿಮಠ ಬುಕ್ ಡಿಪೋದವರು ಅಚ್ಚು ಮಾಡಿದ ಪುರಾಣಗಳೂ ತತ್ತ್ವಪದಗಳೂ ಜಾತ್ರೆಯ ಅಂಗಡಿಗಳಿಂದ ಹಳ್ಳಿಯ ಮಾಡಗಳನ್ನು ಸೇರಿದವು. ಮಕ್ಕಳಿಗೆಂದೇ ಮೀಸಲಾದ ಚಂದಮಾಮವು ೧೯೪೭ರಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ, ಬೇಗನೆ ಕನ್ನಡಕ್ಕೂ ಬಂದಿತು. ಅದರ ಒಂದು ಸಂಚಿಕೆಯನ್ನು ಮನೆಯ ಮಕ್ಕಳೆಲ್ಲರೂ ಸರದಿಯಿಂದ ಓದುತ್ತಿದ್ದರು, ಓದಲು ಬಾರದ ಅಜ್ಜಿಗೆ ಓದಿ ಹೇಳುತ್ತಿದ್ದರು. ಆ ಪತ್ರಿಕೆಯು ೨೦೧೩ರ ಸುಮಾರಿಗೆ ನಿಂತುಹೋಯಿತು. ಪತ್ರಿಕೆಯು ನಿಂತದ್ದಕ್ಕಿಂತ, ಮೊಮ್ಮಗನು ಅಜ್ಜಿಗೆ ಓದಿ ಹೇಳುವ ಪದ್ಧತಿಯು ನಿಂತದ್ದೇ ದೊಡ್ಡ ಹಾನಿಯೆಂದು ನನಗೆ ತೋರುತ್ತದೆ.

ಕನ್ನಡದ ಮೊದಲನೆಯ ಮಾತಿನ ಚಿತ್ರವಾದ ಸತಿ ಸುಲೋಚನಾ ೧೯೩೪ರಲ್ಲಿ ತೆರೆಗೆ ಬಂದಿತು. ಧಾರವಾಡದ ಆಕಾಶವಾಣಿ ಕೇಂದ್ರವು ೧೯೫೦ರಲ್ಲಿ ಆರಂಭವಾಯಿತು. ದೂರದರ್ಶನವು ಹಳ್ಳಿಗೆ ಬಂದ ಹೊಸತರಲ್ಲಿ, ೧೯೮೭–೮೮ರ ಆದಿತ್ಯವಾರಗಳಂದು, ರಾಮಾಯಣವನ್ನು ನೋಡಲು ಊರಿನವರೆಲ್ಲ ಪೆಟ್ಟಿಗೆಯಿದ್ದ ಒಂದೇ ಮನೆಯಲ್ಲಿ ನೆರೆಯುತ್ತಿದ್ದದ್ದು ನಿಮ್ಮಲ್ಲಿ ಬಹಳ ಜನರ ನೆನಪಿನಲ್ಲಿರಬಹುದು. ಚಿತ್ರಗಳಲ್ಲಿ ಮಕ್ಕಳಿಗೆ ಉಚಿತವಾದವುಗಳೇ ಇಲ್ಲವೆಂದು ತಿಳಿಯಬಾರದು. ಆಗುಂಬೆಯಲ್ಲಿ ಶಂಕರನಾಗರು ತೆಗೆದ ಮಾಲ್ಗುಡಿ ಡೇಸ್, ನಾಗಾಭರಣರ ಚಿನ್ನಾರಿ ಮುತ್ತ (೧೯೯೩), ಕುಂ. ವೀರಭದ್ರಪ್ಪನವರ ಕಥೆಯ ಆಧಾರದಿಂದಾದ ಕೊಟ್ರೇಶಿ ಕನಸು (೧೯೯೪), ಇವು ಬಾಲಕನ ಅಂತಃಕರಣವನ್ನು ಬಲ್ಲವರು ಮಾಡಿದ ಕೃತಿಗಳು. ಬಡ ದಲಿತ ಬಾಲಕನೊಬ್ಬನ ಓದಿನ ಹಂಬಲವನ್ನು ಕೊಟ್ರೇಶಿಯಲ್ಲಿ ಕಂಡ ಮಗುವು ತನ್ನ ತರಗತಿಯ ಗೆಳೆಯನನ್ನು ಬೇರೆ ಕಣ್ಣಿನಿಂದ ನೋಡೀತು. ಕುಲದ ಹಮ್ಮನ್ನು ಮುರಿಯಬೇಕೆಂದು ಬೋಧಿಸಿದ ಬಸವಣ್ಣನವರ ಮಕ್ಕಳಿಗೆ ಅದು ಪರಧರ್ಮದ ಪಾಠವಲ್ಲ.

ಇನ್ನು ಈಗಿನ ಮಾತು. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದವು. ಜುಲೈ ತಿಂಗಳಲ್ಲಿ ಚಂದನ ವಾಹಿನಿಯ ಮೂಲಕ ಮಕ್ಕಳಿಗೆ ಪಾಠಗಳು ಆರಂಭವಾದವು. ಆಗ ನಮ್ಮ ಗದಗ ಜಿಲ್ಲೆಯ ನರಗುಂದ ತಾಲೂಕಿನ ಹಳ್ಳಿಯೊಂದರ ಬಡ ತಾಯಿಯು, ಮಕ್ಕಳು ಪಾಠಕ್ಕಾಗಿ ಪರರ ಮನೆಯ ಬಾಗಿಲಿಗೆ ಹೋಗಿ ನಿಲ್ಲುವದನ್ನು ತಾಳಲಾರದೆ, ಕೊರಳಿನ ತಾಳಿಯನ್ನು ಒತ್ತೆಯಿಟ್ಟು ದೂರದರ್ಶನದ ಪೆಟ್ಟಿಗೆಯನ್ನು ಕೊಂಡು ತಂದಳು. ವಾರ್ತೆಯು ನಾಡೆಲ್ಲ ಹಬ್ಬಿತು, ಸಹಾಯವು ಒದಗಿತು, ತಾಳಿಯು ತಿರುಗಿ ಅವಳ ಕೈಸೇರಿತು. ಶರಣಬಂಧುಗಳೇ, ಸಭೆಗಳಲ್ಲಿ ನಾವು ಮೂರ್ಖರ ಪೆಟ್ಟಿಗೆಯೆಂದು ಜರಿಯುವ ವಸ್ತುವಿಗಾಗಿ ಒಬ್ಬ ತಾಯಿಯು ತನ್ನ ಮುತ್ತೈದೆತನದ ಕುರುಹನ್ನೇ ಒತ್ತೆಯಿಟ್ಟಳು. ಅವಳು ಪೆಟ್ಟಿಗೆಯನ್ನು ಕೊಳ್ಳಲಿಲ್ಲ, ಅರಿವನ್ನು ಕೊಂಡಳು. ಅವಳ ಆ ಕಾರ್ಯವನ್ನು ನೆನೆದಾಗ ಯಂತ್ರವನ್ನು ಬೈಯಲು ನನಗೆ ಬಾಯಿ ಬರುವದಿಲ್ಲ.

ಆದರೆ ಅದೇ ಕಾಲದಲ್ಲಿ ಪಾಠದ ನೆವದಿಂದ ಮನೆಯನ್ನು ಹೊಕ್ಕ ಮೊಬೈಲು, ಶಾಲೆಯು ತೆರೆದ ಮೇಲೆ ಹೊರಗೆ ಹೋಗಲಿಲ್ಲ. ಪುರಾಣಕ್ಕೆ ಮಂಗಲವಿತ್ತು, ಆಟಕ್ಕೆ ಬೆಳಗು ಹರಿಯುತ್ತಿತ್ತು, ಪುಸ್ತಕಕ್ಕೆ ಕೊನೆಯ ಪುಟವಿತ್ತು, ಸಿನೇಮಾಕ್ಕೆ ಮುಕ್ತಾಯವಿತ್ತು. ಇದಕ್ಕೆ ಮುಗಿತಾಯವೆಂಬದೇ ಇಲ್ಲ. ಒಂದು ಚಿತ್ರವು ತೀರುವ ಮೊದಲೇ ಮತ್ತೊಂದು ತಾನಾಗಿ ಎದುರಿಗೆ ಬರುವದು. ಯಾಕೆಂದರೆ ನೋಡುವವನ ವೇಳೆಯೇ ಅದನ್ನು ಕಳಿಸುವವರ ವ್ಯಾಪಾರದ ಸರಕಾಗಿರುತ್ತದೆ. ಇದಲ್ಲದೆ ದೊಡ್ಡಾಟವನ್ನು ಊರು ಕೂಡಿ ನೋಡುತ್ತಿತ್ತು, ದೂರದರ್ಶನವನ್ನು ಮನೆ ಕೂಡಿ ನೋಡುತ್ತಿತ್ತು. ಮೊಬೈಲನ್ನು ಮಗುವು ಗೋಡೆಗೆ ಮುಖಮಾಡಿ ಒಂಟಿಯಾಗಿ ನೋಡುವದು. ಅಲ್ಲಿ ಕೆಮ್ಮುವ ಅಜ್ಜನಿಲ್ಲ, ಬಿಸಿ ನೋಡುವ ಬೆರಳಿಲ್ಲ.

ಇದು ನಮ್ಮ ಸೀಮೆಯೊಂದರ ಚಿಂತೆಯಲ್ಲ. ಜಾಗತಿಕ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ, ಎರಡು ವರ್ಷ ತುಂಬದ ಕೂಸುಗಳಿಗೆ ಪರದೆಯನ್ನು ತೋರಿಸಲೇಬಾರದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ೧ ತಾಸಿಗಿಂತ ಹೆಚ್ಚು ಸಲ್ಲದೆಂದೂ ಸೂಚಿಸಿತು. ಆಸ್ಟ್ರೇಲಿಯ ದೇಶದವರು ೧೬ ವರ್ಷದೊಳಗಿನ ಮಕ್ಕಳಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯಿರಬಾರದೆಂದು ೨೦೨೪ರಲ್ಲಿ ಕಾಯಿದೆಯನ್ನು ಮಾಡಿ, ೨೦೨೫ರ ಡಿಸೆಂಬರದಿಂದ ಜಾರಿಗೆ ತಂದರು. ಕಾಯಿದೆಯು ಬಾಗಿಲಿಗೆ ಅಗಳಿಯನ್ನು ಹಾಕಬಲ್ಲದು. ಒಳಗೆ ಹಸಿದು ಕುಳಿತ ಮಗುವಿಗೆ ಉಣಿಸಲಾರದು. ಕಸಿದುಕೊಂಡ ಕೈಯು ಬೇರೇನನ್ನೂ ಕೊಡದಿದ್ದರೆ ಮಗುವು ಕದ್ದು ನೋಡುವದನ್ನು ಕಲಿಯುವದು.

"ಹೊತ್ತು ಹೊಂಡುವ ಮುಂಚೆ ಹೊಲಕ್ಕೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಬರುವ ನಾವು ಮಗುವಿನ ಬದಿಯಲ್ಲಿ ಯಾವಾಗ ಕುಳಿತುಕೊಳ್ಳಬೇಕು?" ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆಯು. ಉಳ್ಳಾಗಡ್ಡಿಯ ಮಡಿಯಲ್ಲಿ ದಿನವೆಲ್ಲ ಬಾಗಿದ ಬೆನ್ನಿಗೆ ಉಪದೇಶವು ಭಾರವಾಗಬಾರದು. ಆದಕಾರಣ ನಡೆಯಿಸಲು ಸಾಧ್ಯವಾದ ಮೂರು ಮಾತುಗಳನ್ನಷ್ಟೇ ವಿಜ್ಞಾಪಿಸುತ್ತೇನೆ.

ಮೊದಲನೆಯದು, ಮನೆಯಲ್ಲಿ ಊಟದ ವೇಳೆಯು ಪ್ರಸಾದದ ವೇಳೆಯಾಗಲಿ. ಆ ಅರ್ಧ ತಾಸು ಮಕ್ಕಳ ಕೈಯಲ್ಲಿಯೂ ಬೇಡ, ಹಿರಿಯರ ಕೈಯಲ್ಲಿಯೂ ಮೊಬೈಲು ಬೇಡ. ತಂದೆಯ ಎಡಗೈಯಲ್ಲಿ ಅದನ್ನು ಕಂಡ ಮಗುವಿಗೆ ತಂದೆಯ ಮಾತು ನಾಟುವದಿಲ್ಲ. ಮೊದಲ ಎಂಟು ದಿನ ಕೂಸು ಅಳುವದು. ಹಸಿವೆಯಾದ ಮೇಲೆ ಉಣ್ಣುವದು. ಆ ಹೊತ್ತಿನಲ್ಲಿ ಅಜ್ಜಿಯು ಒಂದು ಕಥೆಯನ್ನು ಹೇಳಲಿ.

ಎರಡನೆಯದು, ನೋಡಿದ್ದನ್ನು ಮಗುವು ಹೇಳುವಂತಾಗಲಿ. "ಇವತ್ತ ಏನ್ ನೋಡಿದ್ಯೋ ತಮ್ಮಾ, ಹೇಳು ನೋಡೋಣು" ಎಂದು ದಿನಕ್ಕೊಮ್ಮೆ ಕೇಳಿರಿ. ನೋಡಿದ್ದು ಹೇಳಿಕೊಳ್ಳಲು ಯೋಗ್ಯವೋ ಅಲ್ಲವೋ ಎಂಬ ವಿಚಾರವು ಅವನಲ್ಲಿ ತಾನಾಗಿ ಹುಟ್ಟುವದು. ಅವಧಾನದ ಮೊಳಕೆಯು ಅದೇ. ಕೇಳುವಾಗ ಬೈಯಬೇಡಿರಿ, ಬೈದರೆ ಮರುದಿನ ಬಾಯಿ ತೆರೆಯಲಾರನು. ಮಗಳನ್ನೂ ಮಗನಷ್ಟೇ ಪ್ರೀತಿಯಿಂದ ಕೇಳಿರಿ.

ಮೂರನೆಯದು, ಮಠದ ಕರ್ತವ್ಯವು. ಸರಕಾರದವರು ೨೦೨೦ರ ನವೆಂಬರ್ ೧೪ರಿಂದ ಓದುವ ಬೆಳಕು ಎಂಬ ಕಾರ್ಯಕ್ರಮವನ್ನು ಹಾಕಿ, ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ೬ರಿಂದ ೧೮ ವರ್ಷದ ಮಕ್ಕಳಿಗೆ ವರ್ಗಣಿಯಿಲ್ಲದೆ ಸದಸ್ಯತ್ವವನ್ನು ಕೊಡುತ್ತ ಬಂದಿರುವರು. ಈ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಅರಿವೆಂಬದು ನಮ್ಮ ಶರಣರ ಮಾತು. ಸರಕಾರವು ಅದನ್ನು ಬಾಗಿಲ ಮೇಲೆ ಬರೆದಿರುವಾಗ ನಾವು ಒಳಗೆ ಹೋಗದಿರುವದು ಶೋಭಿಸದು. ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ೨೦೧೮ರಲ್ಲಿ ಲಿಂಗದೊಳಗಾಗುವವರೆಗೆ ಗ್ರಂಥಪ್ರಕಟನೆಯನ್ನೇ ಒಂದು ದಾಸೋಹವೆಂದು ನಡೆಯಿಸಿದರು. ಅವರ ದಾರಿಯಲ್ಲಿ ಮುಂದಿನ ಹೆಜ್ಜೆಯು ಯಾವದು? ಮಠಗಳಿಂದ ಹೊರಡುವ ಗ್ರಂಥಗಳನ್ನು ಎಣಿಸಿ ನೋಡಿದರೆ ಪಂಡಿತರಿಗಾಗಿ ಬರೆದವೇ ಬಹಳ. ಹತ್ತು ವರ್ಷದ ಮಗುವು ತಾನೇ ಓದಿ ತಿಳಿಯುವಂತೆ, ದೊಡ್ಡ ಅಕ್ಷರಗಳಲ್ಲಿ, ಚಿತ್ರಗಳೊಡನೆ, ಅಕ್ಕಮಹಾದೇವಿಯ, ಮಾದಾರ ಚೆನ್ನಯ್ಯನ, ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಗಳು ಮನೆಮನೆಗೆ ಸಾಲುವಷ್ಟು ದೊರೆಯಬೇಕು. ಈ ಉಪನ್ಯಾಸವು ಅಚ್ಚಾಗಲಿರುವ ಸ್ಮರಣಗ್ರಂಥದಲ್ಲಿಯೂ ಮಗುವು ಓದಬಲ್ಲ ನಾಲ್ಕು ಪುಟಗಳಿರಲೆಂದು ಸಂಪಾದಕ ಮಂಡಲಿಗೆ ನನ್ನ ಪ್ರಾರ್ಥನೆಯು. ವಾರಕ್ಕೊಂದು ಸಂಜೆ ಶ್ರೀಮಠದ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿ ಓದಿಸುವ ಕೆಲಸಕ್ಕೆ, ಅಪ್ಪಣೆಯಾದರೆ, ನಾನೇ ಕುಳಿತುಕೊಳ್ಳುವೆನು. ತಿಂಗಳಿಗೊಮ್ಮೆ ಒಳ್ಳೆಯ ಚಿತ್ರವೊಂದನ್ನು ಎಲ್ಲರೂ ಕೂಡಿ ನೋಡಿ, ಆಮೇಲೆ ಮಕ್ಕಳಿಂದ ಅದರ ವಿಚಾರವನ್ನು ಹೇಳಿಸಿದರೆ ಅದೂ ಶಿವಾನುಭವವೇ ಆಗುವದು.

ಮಠದ ಉತ್ಸವಕ್ಕೆ ನೀವು ಕಾಣಿಕೆಗಳನ್ನು ತಂದಿರುವಿರಿ. ಶ್ರೀಮಠವು ಅವನ್ನು ಆನಂದದಿಂದ ಸ್ವೀಕರಿಸಿದೆ. ದಿನದ ಅರ್ಧ ತಾಸನ್ನು ನಿಮ್ಮ ಮಗುವಿನ ಬದಿಯಲ್ಲಿ ಕಳೆಯುವ ಸಂಕಲ್ಪವನ್ನೂ ಅವುಗಳೊಡನೆ ಇಟ್ಟು ಹೋಗಿರೆಂದು ಬೇಡಿಕೊಳ್ಳುತ್ತೇನೆ. ನಿಮ್ಮ ಮಕ್ಕಳ ಕಣ್ಣುಗಳು ಶಿವಲಿಂಗಕ್ಕೂ ಕಿವಿಗಳು ಪ್ರಸಾದಲಿಂಗಕ್ಕೂ ನೆಲೆಯಾಗಲಿ.