ಊಟದ ಎಲೆಯ ಮುಂದೆ ಒಂದು ಪ್ರಶ್ನೆ
(ಬಾನುಲಿ ಭಾಷಣ)



ಪರಸ್ಥಳಕ್ಕೆ ಹೋದವನಿಗೆ ವಸತಿಗಿಂತಲೂ ಊಟದ ಚಿಂತೆ ದೊಡ್ಡದು. ಕೊಪ್ಪ ತಾಲ್ಲೂಕಿನ ನಮ್ಮ ಹಿರೇಕೊಡಿಗೆಯಂಥ ಊರಿನಿಂದ ಹೊರಟು ಬೆಂಗಳೂರನ್ನೋ ಮುಂಬಯಿಯನ್ನೋ ಸೇರಿದ ಶಾಕಾಹಾರಿಗಳ ಈ ಚಿಂತೆಯನ್ನು ಬಹುಕಾಲ ನೀಗಿದವರು ಉಡುಪಿಯ ಕಡೆಯಿಂದ ಬಂದ ಹೋಟೆಲಿನವರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿಯೂ, ಮುಂಬಯಿಯ ಮಾಟುಂಗದಲ್ಲಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿಯೂ ಆರಂಭವಾದವು. ಇಂಥ ಮನೆಗಳ ಬಾಗಿಲು ದಾಟಿದರೆ ಸಾಕು, ಮತ್ತೇನನ್ನೂ ವಿಚಾರಿಸಬೇಕಾಗಿರಲಿಲ್ಲ. ಫಲಕದ ಮೇಲಿನ ಹೆಸರೇ ಭರವಸೆಯಾಗಿತ್ತು.

ನನಗೂ ಆ ಭರವಸೆ ಸಾಕಾಗಿತ್ತು, ನನ್ನ ಅಣ್ಣನ ಮಗಳು ಹಾಲನ್ನು ಬಿಡುವವರೆಗೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವಳು ಒಂದು ಬೇಸಿಗೆಯಲ್ಲಿ ಊರಿಗೆ ಬಂದಾಗ ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟಲಿಲ್ಲ. ಎಂಬತ್ತು ದಾಟಿದ ನನ್ನ ತಾಯಿಗೆ ಅದು ಮನೆಗೇ ಮಾಡಿದ ಅವಮಾನವೆಂಬಂತೆ ತೋರಿತು. "ಕೊಟ್ಟಿಗೆಯ ಗೌರಿ ನಿನಗೇನು ಅನ್ಯಾಯ ಮಾಡಿದಳೇ ಮಗೂ?" ಎಂದು ಕೇಳಿದರು. "ಗೌರಿ ಏನೂ ಮಾಡಲಿಲ್ಲ ಅಜ್ಜೀ. ಅವಳ ಗಂಡುಕರುಗಳೆಲ್ಲ ಎಲ್ಲಿ ಹೋದವು?" ಎಂದಳು ಹುಡುಗಿ. ಯಾರೂ ಮಾತನಾಡಲಿಲ್ಲ. ಆ ಕರುಗಳ ಹಗ್ಗವನ್ನು ಕೊಂಡವರ ಕೈಗೆ ಕೊಟ್ಟವನು ನಾನೇ.

ಹೀಗೆ ಪ್ರಾಣಿಮೂಲದ ಎಲ್ಲವನ್ನೂ ತೊರೆದವರನ್ನು ವೀಗನ್ ಎಂದು ಕರೆಯುತ್ತಾರೆ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಬಳಕೆಗೆ ತಂದ ಪದವಿದು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಹಾಲು ತುಪ್ಪಗಳನ್ನೂ ಸಸ್ಯಾಹಾರದಲ್ಲಿಯೇ ಸೇರಿಸುತ್ತದೆ. ಆದುದರಿಂದಲೇ 2022ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಗಳನ್ನೂ ಗುರುತನ್ನೂ ತಂದಿತು. ಪೊಟ್ಟಣಕ್ಕೆ ಗುರುತು ಬಂತು, ಸರಿ. ಬಡಿಸಿದ ಎಲೆಗೆ ಗುರುತುಂಟೇ?

ಅದೇ ವರ್ಷದ ಕೊನೆಯಲ್ಲಿ ನಾನು ಬೆಂಗಳೂರಿಗೆ ಹೋದಾಗ ಅವಳೊಡನೆ ಊಟಕ್ಕೆ ತಿರುಗಿದೆ. ನನಗೆ ಬಹಳ ವರ್ಷಗಳಿಂದ ಪರಿಚಿತವಾದ ತಿಂಡಿಗಳೆಲ್ಲ ಅಂದು ಅಪರಿಚಿತವಾದವು. ದೋಸೆಯ ಮೇಲೆ ತುಪ್ಪ, ಖಾರಾಭಾತಿನಲ್ಲಿ ತುಪ್ಪ, ಕೇಸರಿಭಾತಿನಲ್ಲಂತೂ ತುಪ್ಪವೇ ತುಪ್ಪ. ಬಡಿಸುವ ಹುಡುಗನನ್ನು ಕೇಳಿದರೆ, "ಎಲ್ಲಾ ಶುದ್ಧ ವೆಜ್ಜೇ ಸಾರ್" ಎಂಬ ಉತ್ತರ. ಅವನ ಮಾತು ಸುಳ್ಳಲ್ಲ, ಆದರೆ ನಮ್ಮ ಪ್ರಶ್ನೆ ಅದಾಗಿರಲಿಲ್ಲ.

ಸಂಜೆ ಅವಳು ನನ್ನನ್ನು ಕೊರಿಯಾ ದೇಶದವರು ನಡೆಸುವ ಒಂದು ಸಣ್ಣ ಊಟದ ಮನೆಗೆ ಕರೆದೊಯ್ದಳು. ಮೇಜಿನ ಮೇಲೆ ಪುಟ್ಟ ಬಟ್ಟಲುಗಳಲ್ಲಿ ಸೊಪ್ಪು, ಮೊಳಕೆಕಾಳು, ಕೆಂಪು ಖಾರ ಬಳಿದ ಎಲೆಕೋಸಿನ ಕಿಮ್ಚಿ ಬಂದವು. ಎಲ್ಲವೂ ತರಕಾರಿ! ನಾನು ಕೈಹಾಕುವುದರಲ್ಲಿದ್ದೆ. ಹುಡುಗಿ ತನ್ನ ವ್ರತವನ್ನು ವಿವರಿಸಿದೊಡನೆ ಮನೆಯೊಡತಿ ಕಿಮ್ಚಿಯ ಬಟ್ಟಲನ್ನು ಹಿಂದಕ್ಕೆ ಸರಿಸಿದರು. ಅದರಲ್ಲಿ ಉಪ್ಪಿನಲ್ಲಿ ಕಳಿತ ಸೀಗಡಿ ಸೇರಿದೆ. ಸೋಯಾ ಕಾಳಿನ ಹುದುಗಿನಿಂದ ಮಾಡಿದ ಸಾರಿಗೂ ಒಣಮೀನು ಕುದಿಸಿದ ನೀರೇ ಆಧಾರ. ಅವೆರಡೂ ನಿಮಗೆ ಬೇಡ ಎಂದರು. ಅನ್ನದ ಮೇಲೆ ಬಗೆಬಗೆಯ ಸೊಪ್ಪು ತರಕಾರಿಗಳನ್ನು ಹರಡುವ ಬಿಬಿಂಬಾಪ್ ಎಂಬುದನ್ನು ಮೊಟ್ಟೆ ಬಿಟ್ಟು, ಎಳ್ಳೆಣ್ಣೆ ಹಾಕಿ, ಕಲಸಿ ತಿನ್ನುವ ಬಗೆಯನ್ನೂ ತೋರಿಸಿಕೊಟ್ಟರು. ನನ್ನವರ ನಡುವೆ ಸಿಗದ ಉತ್ತರ ಪರದೇಶದ ಹೆಂಗಸಿನಿಂದ ದೊರೆತಿತ್ತು.

ಅವರ ದೇಶದ ಬೌದ್ಧ ವಿಹಾರಗಳಲ್ಲಿ ಮೀನಿಲ್ಲದ ಕಿಮ್ಚಿಯೂ ಉಂಟು. ಸೋಲ್ ನಗರದ ಜೋಗ್ಯೇಸಾ ದೇವಾಲಯದ ಎದುರಿಗೆ ಬೌದ್ಧಸಂಘದವರೇ ಇಂಥ ಆಹಾರದ ಭೋಜನಶಾಲೆಯೊಂದನ್ನು ತೆರೆದಿದ್ದಾರೆ. ಭಿಕ್ಷುಗಳು ನಾಲ್ಕು ಬಟ್ಟಲುಗಳಲ್ಲಿ ಉಂಡು, ಅಗುಳೂ ಉಳಿಯದಂತೆ ಬಟ್ಟಲನ್ನು ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ನಮ್ಮ ಮಡಿಯಡುಗೆಯಲ್ಲಿರುವಂತೆ ಅವರಿಗೂ ಈರುಳ್ಳಿ ಬೆಳ್ಳುಳ್ಳಿ ವರ್ಜ್ಯ. ಆದರೆ ಅವರ ಐದು ನಿಷಿದ್ಧಗಳ ಪಟ್ಟಿಯಲ್ಲಿ ಇಂಗೂ ಸೇರಿದೆಯೆಂದರೆ ನಂಬುತ್ತೀರಾ? ಈರುಳ್ಳಿಯನ್ನು ಬಿಟ್ಟ ನಾವು ಯಾವುದರ ಘಮದಿಂದ ಸಾರನ್ನು ಗೆಲ್ಲಿಸುತ್ತೇವೆಯೋ ಅದನ್ನೇ ಅವರು ದೂರವಿಟ್ಟರು. ಒಬ್ಬರ ಶುದ್ಧ ಮತ್ತೊಬ್ಬರ ಶುದ್ಧವಲ್ಲ ಎಂಬುದು ಆಗ ನನಗೆ ಮನದಟ್ಟಾಯಿತು.

ಊರಿಗೆ ಮರಳಿ ಇದನ್ನೆಲ್ಲ ತಾಯಿಗೆ ಹೇಳಿದೆ. ಕಿಮ್ಚಿಯ ವಿಷಯ ಬಂದಾಗ ಅವರು ಕಿವಿಗೊಟ್ಟರು. ಹಿಮ ಬೀಳುವ ಮೊದಲು ಊರವರು ನೆರೆದು ಎಲೆಕೋಸಿಗೆ ಉಪ್ಪು ಹಾಕಿ ಚಳಿಗಾಲಕ್ಕೆ ತುಂಬಿಡುವ ಪದ್ಧತಿಯದು. 2013ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. "ಅದು ನಮ್ಮ ಉಪ್ಪುಸೊಳೆಯಂತೆಯೇ ಆಯಿತಲ್ಲ!" ಎಂದರು ತಾಯಿ. ನಿಜ. ಮಳೆ ಹಿಡಿಯುವ ಮೊದಲು ಬಲಿತ ಹಲಸಿನಕಾಯಿಯ ಸೊಳೆಗೆ ಉಪ್ಪು ಬೆರೆಸಿ ಭರಣಿಯಲ್ಲಿ ಅದುಮಿಡುವ ನಮಗೂ, ಹಿಮಕ್ಕೆ ಅಂಜಿ ಕೋಸನ್ನು ತುಂಬಿಡುವ ಅವರಿಗೂ ಬುದ್ಧಿ ಕಲಿಸಿದ್ದು ಹೊರಗೆ ಹೋಗಲಾಗದ ಋತುವೇ.

ಮುಂದಿನ ಆಷಾಢದಲ್ಲಿ ಮೊಮ್ಮಗಳು ಬಂದಳು. ಅವಳ ಎಲೆಗೆ ಕೊಬ್ಬರಿಎಣ್ಣೆಯ ಒಗ್ಗರಣೆಯ ಉಪ್ಪುಸೊಳೆ ಪಲ್ಯ, ಕೆಸುವಿನೆಲೆಯ ಪತ್ರೊಡೆ, ಮೂರು ದಿನ ನೀರು ಬದಲಿಸಿ ನೆನೆಸಿದ ಕಳಲೆಯ ಹುಳಿ, ಒತ್ತುಶಾವಿಗೆಗೆ ಬೆಲ್ಲದ ಕಾಯಿಹಾಲು ಬಂದವು. ಇದಾವುದೂ ಹೊಸದಾಗಿ ಕಲಿತ ಅಡುಗೆಯಲ್ಲ. ಬಡಿಸುವ ಮೊದಲು ತಾಯಿ, "ಇದಕ್ಕೆ ತುಪ್ಪ ಸೋಕಿಸಿಲ್ಲ, ಧೈರ್ಯವಾಗಿ ಉಣ್ಣು" ಎಂದರು. ತಮ್ಮ ಎಲೆಗೆ ಮಾತ್ರ ಎಂದಿನಂತೆ ಮಜ್ಜಿಗೆ ಬಡಿಸಿಕೊಂಡರು.

ಅತಿಥಿಗೆ ನಮ್ಮ ಆಹಾರವನ್ನು ಒಪ್ಪಿಸಬೇಕೆಂದಿಲ್ಲ. ಅದರಲ್ಲಿ ಏನಿದೆಯೆಂದು ನಿಜ ಹೇಳಿದರೆ ಸಾಕು. ಅಷ್ಟನ್ನು ನಮ್ಮ ಅಡುಗೆಮನೆ ಕಲಿತಿದೆ. ಹುಡುಗಿ ಅಂದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುವುದು ನನ್ನಿಂದ ಇನ್ನೂ ಆಗಿಲ್ಲ. ಗೌರಿ ಮತ್ತೆ ಗಂಡುಕರು ಹಾಕಿದ್ದಾಳೆ. ಕೇಳಲು ಬಂದವರನ್ನು ಈ ಸಲ ಬರಿಗೈಯಲ್ಲಿ ಕಳುಹಿಸಿದ್ದೇನೆ. ಕರು ಕೊಟ್ಟಿಗೆಯಲ್ಲಿಯೇ ಇದೆ.