ಕೋಲೂರಿ ಬಂದವನ ಕೂಲಿ
(ಮಡಂತ್ಯಾರಿನ ರೈತ ಸಭೆಯಲ್ಲಿ ಆಡಿದ ಮಾತು)



ಅಡಿಕೆಯ ಧಾರಣೆ, ಸಾಲದ ಬಡ್ಡಿ, ಇವೆರಡನ್ನು ಬಿಟ್ಟು ನಮ್ಮ ಸಭೆಗಳಲ್ಲಿ ಬೇರೆ ಮಾತು ಏಳುವುದೇ ಅಪರೂಪ. ಇವತ್ತು ನಾನು ಮರದಿಂದ ಬಿದ್ದವನ ವಿಷಯ ಎತ್ತುತ್ತೇನೆ.

ಫೈಬರ್ ದೋಟಿ ಬಂದ ಮೇಲೂ ನಮ್ಮಲ್ಲಿ ಮರ ಹತ್ತುವುದು ನಿಂತಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿದವ ಜಾರಿ ಬಿದ್ದು ಸೊಂಟ ಮುರಿದುಕೊಂಡ ಎಂದಿಟ್ಟುಕೊಳ್ಳಿ. ಅವ ತೋಟದ ಆಳೇ ಆಗಬೇಕೆಂದಿಲ್ಲ, ನಿಮ್ಮ ಮಗನೂ ಆಗಬಹುದು. ಸೊಸೈಟಿಯ ಸಾಲದ ಮೇಲೆ ಆಸ್ಪತ್ರೆಯ ಸಾಲ ಏರಿ ಕೂರುತ್ತದೆ.

ಸರ್ಕಾರದ ಅಂಗವಿಕಲ ಮಾಸಾಶನ ಉಂಟು, ಇಲ್ಲವೆಂದಲ್ಲ. ಶೇಕಡಾ 40ರಷ್ಟಾದರೂ ವೈಕಲ್ಯ ಇದೆಯೆಂದು ವೈದ್ಯರು ಬರೆದುಕೊಡಬೇಕು. ತಿಂಗಳಿಗೆ 600 ಇದ್ದದ್ದು 2021ರಲ್ಲಿ 800 ಆಯಿತು. ವೈಕಲ್ಯ ಶೇಕಡಾ 75 ದಾಟಿದರೆ 1,400. ಆದರೆ ವರ್ಷದ ಆದಾಯ 32,000 ರೂಪಾಯಿ ಮೀರಬಾರದು. ಎಲ್ಲ ತೊಡಕು ಇರುವುದು ಇಲ್ಲಿಯೇ.

ಆರು ತಿಂಗಳು ಮಲಗಿದವ ಕೋಲೂರಿಕೊಂಡು ನಿಮ್ಮ ಅಂಗಳಕ್ಕೆ ಬರುತ್ತಾನೆ. "ಧಣಿ, ಕೂತು ಅಡಿಕೆ ಸುಲಿಯುತ್ತೇನೆ. ಹೊರಗೆ ಮಾತ್ರ ಹೇಳಬೇಡಿ, ಪೆನ್ಶನ್ ಹೋದೀತು" ಎನ್ನುತ್ತಾನೆ. ಅವನ ಹೆದರಿಕೆ ಅರ್ಧ ಸುಳ್ಳು. ಸುಲಿಯುವ ಕತ್ತಿಯ ಮುಂದೆ ಕೂತ ಮಾತ್ರಕ್ಕೆ ಮುರಿದ ಸೊಂಟ ನೆಟ್ಟಗಾಗುವುದಿಲ್ಲ. ಸರ್ಟಿಫಿಕೇಟಿನಲ್ಲಿ ಇರುವುದು ದೇಹದ ಲೆಕ್ಕ, ದುಡಿಮೆಯ ಲೆಕ್ಕ ಅಲ್ಲ. ಇನ್ನರ್ಧ ಮಾತ್ರ ನಿಜ. ದಿನಕ್ಕೆ 500 ರೂಪಾಯಿ ಕೂಲಿ ಹಿಡಿಯಿರಿ: 64 ದಿನಕ್ಕೆ 32,000. ಅರವತ್ತೈದನೆಯ ದಿನ ಕೆಲಸಕ್ಕೆ ಬಂದರೆ ಅವ ಸರ್ಕಾರದ ಕಣ್ಣಿಗೆ ಸ್ಥಿತಿವಂತ! ಕೈಕಾಲು ಆಡಿಸಿ ನೋಡೋಣ ಎಂದು ಹೊರಟವ ಒಂದೋ ಮನೆಯಲ್ಲಿ ಕೂರಬೇಕು, ಇಲ್ಲ ಸುಳ್ಳು ಹೇಳಬೇಕು.

ಇನ್ನೊಂದು ಲೆಕ್ಕ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೆಯ ಕಲಮು, ಇತರರಿಗಿರುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇಕಡಾ 25 ಹೆಚ್ಚು ಕೊಡಬೇಕೆನ್ನುತ್ತದೆ. ಸಂಧ್ಯಾ ಸುರಕ್ಷಾದಲ್ಲಿ ವೃದ್ಧರಿಗೆ 1,200 ರೂಪಾಯಿ. ಅದಕ್ಕೆ ಕಾಲುಭಾಗ ಸೇರಿಸಿದರೆ 1,500. ಕೊಡುವುದು 800. ಇದು ಯಾವ ಶಾಲೆಯ ಗಣಿತ ಮಾರಾಯ್ರೇ?

ನಮ್ಮ ಬೆನ್ನೂ ನೋಡಿಕೊಳ್ಳೋಣ. "ನಿನಗೆ ಪೆನ್ಶನ್ ಉಂಟಲ್ಲ" ಎಂದು ಅರ್ಧ ಕೂಲಿ ಕೊಟ್ಟು ಕಳಿಸುವವರು ನಮ್ಮೊಳಗೂ ಇದ್ದಾರೆ. ಅವ ಯಾರಿಗೂ ದೂರು ಕೊಡಲಾರ ಎಂದು ಗೊತ್ತಿದ್ದೇ ಹಾಗೆ ಮಾಡುವುದು. ವ್ಯಾಪಾರಿ ತೂಕದಲ್ಲಿ ಹೊಡೆದರೆ ನಾವು ರಸ್ತೆಗಿಳಿಯುತ್ತೇವಲ್ಲ, ಇದು ಯಾವ ತೂಕ?

ಅಂಗವಿಕಲನ ಸ್ವಂತ ಕೂಲಿಯನ್ನು ಆ 32,000ದ ಲೆಕ್ಕಕ್ಕೆ ಹಿಡಿಯಬಾರದು ಎಂದು ಬೆಳ್ತಂಗಡಿ ತಹಶೀಲ್ದಾರರ ಮೂಲಕ ಸರ್ಕಾರಕ್ಕೆ ಬರೆದ ಮನವಿ ಆ ಮೇಜಿನ ಮೇಲೆ ಉಂಟು. ಊಟಕ್ಕೆ ಏಳುವ ಮೊದಲು ರುಜು ಹಾಕಿ, ಗ್ರಾಮದ ಹೆಸರನ್ನೂ ಬರೆಯಿರಿ.