ಮೊದಲ ಚೆಂಡು ಕೊಟ್ಟವರು



ಹಾಸನ ಜಿಲ್ಲೆಯ ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಶಾಲೆ ಬಿಟ್ಟ ಮೇಲೆ ಬರಿಗಾಲಲ್ಲಿ ಚೆಂಡು ಒದೆಯುವ ಹುಡುಗನನ್ನು ನೆನೆಯಿರಿ. ಅಂಥ ಹುಡುಗರು ಕನಸು ಕಾಣುವ ಫುಟ್‌ಬಾಲ್ ಕ್ಲಬ್, 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ, ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. ಮುಂದೆ ಎಳೆಯರಿಗಾಗಿ ಬಳ್ಳಾರಿ ಜಿಲ್ಲೆಯಲ್ಲಿ ವಸತಿ ಅಕಾಡೆಮಿಯನ್ನೂ ತೆರೆಯಿತು. ಆದರೆ ಅಲ್ಲಿಗೆ ತಲುಪುವ ಮೊದಲು ಹುಡುಗನ ಕಾಲಿನ ಚಳಕ ಕಂಡವರು ಯಾರು? ಊರಿನ ಪಿ.ಟಿ. ಮೇಷ್ಟ್ರು, ಸಣ್ಣ ಕ್ಲಬ್ಬಿನವರು.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಈ ಋಣವನ್ನು ಮರೆತಿಲ್ಲ. ಆಟಗಾರ ದೇಶದಿಂದ ದೇಶಕ್ಕೆ ಕ್ಲಬ್ ಬದಲಿಸಿದಾಗ, ಹೊಸ ಕ್ಲಬ್ ಹಳೆಯದಕ್ಕೆ ಕೊಡುವ ವರ್ಗಾವಣೆ ಹಣದ ಶೇಕಡಾ 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ತಿದ್ದಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ನನಗೆ ಬಹಳ ಪ್ರಿಯವಾದ ನಿಯಮವಿದು. ಆ ಪಾಲು ಸಿಗಬೇಕಾದರೆ ಕ್ಲಬ್ಬೂ ಹುಡುಗನ ಹೆಸರೂ ನೋಂದಣಿಯಾಗಿರಬೇಕು. ಚನ್ನರಾಯಪಟ್ಟಣದ ನಾಲ್ಕು ಜನ ಆಸಕ್ತರು ಸೇರಿ ಆ ಕೆಲಸ ಶುರುಮಾಡಲಿ. ಹಾಸನದವರು ಈ ಭಾನುವಾರ ಮೈದಾನದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಚೆಂಡು ಒದೆಯುವ ಮಕ್ಕಳ ಆಟ ನೋಡಿ ಬನ್ನಿ.